ಜಿಂಕೆ ಫೀಡರ್ ಆವರಣ

ಜಿಂಕೆ ಫೀಡರ್ ಆವರಣ ಎಂಬುದು ಕಾಡುಜಿಂಕೆಗಳಿಗೆ ಪೂರಕ ಆಹಾರ ಒದಗಿಸುವ ಯಂತ್ರ ಅಥವಾ ತೊಟ್ಟಿಯ ಸುತ್ತ ನಿರ್ಮಿಸುವ ಗಿಡ್ಡ ಬೇಲಿಯಾಗಿದೆ. ಜಿಂಕೆಗಳು ಈ ಬೇಲಿಯನ್ನು ಸುಲಭವಾಗಿ ಹಾರಿ ಒಳಗೆ ಬರುತ್ತವೆ. ದನ, ಕುದುರೆ, ಕಾಡುಬಿದ್ದ ಹಂದಿ ಮೊದಲಾದವು ಹೊರಗೇ ಉಳಿಯುತ್ತವೆ. ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣದ ರಾಜ್ಯಗಳಲ್ಲಿ, ವಿಶೇಷವಾಗಿ ಟೆಕ್ಸಾಸ್‌ನಲ್ಲಿ, ಈ ಪದ್ಧತಿ ವ್ಯಾಪಕವಾಗಿದೆ. ಅಲ್ಲಿನ ಭೂಮಿಯ ಬಹುಪಾಲು ಖಾಸಗಿ ಒಡೆತನದಲ್ಲಿದ್ದು, ಒಂದೇ ರಾಂಚ್‌ನಲ್ಲಿ ಜಾನುವಾರು ಸಾಕಣೆ ಮತ್ತು ಬಿಳಿಬಾಲದ ಜಿಂಕೆಗಳ ಬೇಟೆ ಎರಡೂ ನಡೆಯುವುದು ಇದಕ್ಕೆ ಮುಖ್ಯ ಕಾರಣ.

ಆವರಣದ ತತ್ವ ಸರಳವಾದುದು. ಜಿಂಕೆ ಹಾರುವ ಪ್ರಾಣಿ. ಹಂದಿ ನುಗ್ಗುವ ಮತ್ತು ನೆಲ ಅಗೆಯುವ ಪ್ರಾಣಿ. ದನ ಒತ್ತುವ ಮತ್ತು ಕತ್ತು ಚಾಚುವ ಪ್ರಾಣಿ. ಈ ಮೂರು ಸ್ವಭಾವಗಳ ನಡುವಿನ ವ್ಯತ್ಯಾಸವನ್ನು ಬಳಸಿಕೊಂಡು ಬೇಲಿಯ ಎತ್ತರ, ಬಲ ಮತ್ತು ವಿಸ್ತಾರವನ್ನು ನಿರ್ಧರಿಸಲಾಗುತ್ತದೆ.

## ಹಿನ್ನೆಲೆ

### ಪೂರಕ ಆಹಾರದ ಪದ್ಧತಿ

ಟೆಕ್ಸಾಸ್‌ನಲ್ಲಿ 50 ಲಕ್ಷಕ್ಕೂ ಹೆಚ್ಚು ಬಿಳಿಬಾಲದ ಜಿಂಕೆಗಳಿವೆ ಎಂದು ಅಂದಾಜಿಸಲಾಗಿದೆ. ಇವುಗಳಿಗೆ ನೀಡುವ ಆಹಾರ ಮುಖ್ಯವಾಗಿ ಮೂರು ಬಗೆಯದು.

* ಮೆಕ್ಕೆಜೋಳ: ಇದರಲ್ಲಿ ಪಿಷ್ಟ ಹೆಚ್ಚು, ಪ್ರೋಟೀನ್ ಶೇಕಡಾ 8ರಿಂದ 9ರಷ್ಟು ಮಾತ್ರ. ಜಿಂಕೆಗಳನ್ನು ಒಂದೆಡೆಗೆ ಆಕರ್ಷಿಸಲು ಇದನ್ನು ಬಳಸಲಾಗುತ್ತದೆಯೇ ಹೊರತು ಪೋಷಣೆಯ ದೃಷ್ಟಿಯಿಂದ ಇದು ಸಂಪೂರ್ಣ ಆಹಾರವಲ್ಲ.
* ಪ್ರೋಟೀನ್ ಗುಳಿಗೆಗಳು: ಸಾಮಾನ್ಯವಾಗಿ ಶೇಕಡಾ 16ರಿಂದ 20ರಷ್ಟು ಪ್ರೋಟೀನ್ ಹೊಂದಿರುತ್ತವೆ. ಗಂಡು ಜಿಂಕೆಗಳ ಕವಲುಕೊಂಬು ಬೆಳೆಯುವ ಮತ್ತು ಹೆಣ್ಣು ಜಿಂಕೆಗಳು ಮರಿಗಳಿಗೆ ಹಾಲೂಡಿಸುವ ವಸಂತ ಮತ್ತು ಬೇಸಿಗೆಯ ತಿಂಗಳುಗಳಲ್ಲಿ ಇವುಗಳ ಬಳಕೆ ಹೆಚ್ಚು.
* ಇಡೀ ಹತ್ತಿಬೀಜ: ಪ್ರೋಟೀನ್ ಮತ್ತು ಕೊಬ್ಬು ಎರಡೂ ಹೇರಳವಾಗಿರುವ ಆಹಾರ. ಇದರಲ್ಲಿರುವ ಗಾಸಿಪಾಲ್ ಎಂಬ ವಿಷಕಾರಿ ಅಂಶವನ್ನು ಬೆಳೆದ ಮೆಲುಕು ಹಾಕುವ ಪ್ರಾಣಿಗಳು ಮಿತವಾದ ಪ್ರಮಾಣದಲ್ಲಿ ತಾಳಿಕೊಳ್ಳುತ್ತವೆ. ಒಂದೇ ಹೊಟ್ಟೆಯ ಪ್ರಾಣಿಗಳು ತಾಳಲಾರವು. ಹಂದಿಗಳು ಹತ್ತಿಬೀಜವನ್ನು ಅಷ್ಟಾಗಿ ತಿನ್ನುವುದಿಲ್ಲ. ಆದರೆ ದನಗಳಿಗೆ ಇದು ಪ್ರಿಯವಾದುದರಿಂದ ಬೇಲಿಯ ಅಗತ್ಯ ತಪ್ಪುವುದಿಲ್ಲ.

ಆಹಾರ ನೀಡುವ ಸಾಧನಗಳಲ್ಲಿ ಎರಡು ವಿಧಗಳು ಪ್ರಚಲಿತವಾಗಿವೆ. ಮೊದಲನೆಯದು ಗಡಿಯಾರ ಮತ್ತು ಮೋಟಾರು ಅಳವಡಿಸಿದ ಫೀಡರ್. ಇದು ಮುಂಜಾನೆ ಮತ್ತು ಸಂಜೆ ಕೆಲವೇ ಸೆಕೆಂಡುಗಳ ಕಾಲ ತಿರುಗಿ ಕಾಳನ್ನು ಸುತ್ತಲೂ ಎರಚುತ್ತದೆ. ಎರಡನೆಯದು ಗುರುತ್ವದಿಂದ ಆಹಾರವು ಕೊಳವೆಯ ಬಾಯಿಗೆ ತಾನಾಗಿ ಇಳಿದು ಬರುವ ಫೀಡರ್. ಇದರಲ್ಲಿ ಆಹಾರ ಹಗಲಿರುಳೂ ಲಭ್ಯವಿರುತ್ತದೆ. ಆದ್ದರಿಂದ ರಕ್ಷಣೆಯಿಲ್ಲದಿದ್ದರೆ ನಷ್ಟವೂ ಅಷ್ಟೇ ಹೆಚ್ಚು.

### ಕಾಡುಬಿದ್ದ ಹಂದಿಗಳು

ಹಂದಿ ಅಮೆರಿಕ ಖಂಡದ ಮೂಲ ಪ್ರಾಣಿಯಲ್ಲ. ಕ್ರಿಸ್ಟೋಫರ್ ಕೊಲಂಬಸ್ 1493ರ ತನ್ನ ಎರಡನೆಯ ಯಾನದಲ್ಲಿ ಕೆರಿಬಿಯನ್ ದ್ವೀಪಗಳಿಗೆ ಹಂದಿಗಳನ್ನು ತಂದನು. 1539ರಲ್ಲಿ ಸ್ಪೇನಿನ ಹೆರ್ನಾಂಡೊ ಡಿ ಸೋಟೊ ಫ್ಲಾರಿಡಾದ ತೀರದಲ್ಲಿ ಇಳಿದಾಗ ಆತನ ದಂಡಿನೊಂದಿಗೆ ಹಂದಿಗಳ ಹಿಂಡೂ ಇತ್ತು. ತಪ್ಪಿಸಿಕೊಂಡ ಮತ್ತು ಮೇಯಲು ಬಿಟ್ಟ ಸಾಕುಹಂದಿಗಳ ಸಂತತಿ ಕಾಡುಪಾಲಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಬೇಟೆಗೆಂದು ತಂದ ಯುರೋಪಿನ ಕಾಡುಹಂದಿಗಳು ಇವುಗಳೊಂದಿಗೆ ಬೆರೆತವು. ಇಂದು ಟೆಕ್ಸಾಸ್ ಒಂದರಲ್ಲಿಯೇ ಇಂತಹ ಹಂದಿಗಳ ಸಂಖ್ಯೆ 20 ಲಕ್ಷವನ್ನು ಮೀರಿದೆಯೆಂದು ಅಂದಾಜಿಸಲಾಗಿದೆ.

ಹಂದಿ ಸರ್ವಭಕ್ಷಕ. ಒಂದು ಹಿಂಡು ರಾತ್ರಿಯೊಂದರಲ್ಲಿ ಫೀಡರಿನ ಸುತ್ತ ಬಿದ್ದ ಕಾಳನ್ನೆಲ್ಲ ತಿಂದು ಮುಗಿಸಬಲ್ಲದು. ದೊಡ್ಡ ಹಂದಿಗಳು ಫೀಡರಿನ ಕಾಲುಗಳಿಗೆ ಮೈ ಉಜ್ಜಿ ಅದನ್ನು ಉರುಳಿಸುವುದೂ ಉಂಟು. ಹಂದಿಗಳಿರುವ ಕಡೆ ಜಿಂಕೆಗಳು ಹತ್ತಿರ ಸುಳಿಯಲು ಹಿಂಜರಿಯುತ್ತವೆ. ಇದಕ್ಕಿಂತ ಗಂಭೀರವಾದ ಸಂಗತಿ ಮತ್ತೊಂದಿದೆ. ಹೆಣ್ಣುಹಂದಿ ಒಂದು ವರ್ಷ ತುಂಬುವ ಮೊದಲೇ ಗರ್ಭ ಧರಿಸಬಲ್ಲದು ಮತ್ತು ಒಂದು ಸೂಲಿಗೆ ಹಲವು ಮರಿಗಳನ್ನು ಹಾಕುತ್ತದೆ. ವರ್ಷವಿಡೀ ಸಿಗುವ ಕಾಳು ಅವುಗಳ ಮರಿಗಳ ಉಳಿವನ್ನು ಹೆಚ್ಚಿಸುತ್ತದೆ. ಹೀಗಾಗಿ ಬೇಲಿಯಿಲ್ಲದ ಫೀಡರ್ ಜಿಂಕೆಗಳನ್ನು ಸಾಕುವ ಬದಲು ಹಂದಿಗಳನ್ನು ಬೆಳೆಸುವ ಸಾಧನವಾಗಿಬಿಡುತ್ತದೆ.

### ಜಾನುವಾರುಗಳಿಗೆ ಆಗುವ ಹಾನಿ

ಬೇಲಿಯು ಆಹಾರವನ್ನು ಮಾತ್ರವಲ್ಲದೆ ಜಾನುವಾರುಗಳನ್ನೂ ಕಾಪಾಡುತ್ತದೆ. ಹುಲ್ಲು ಮೇಯುವ ದನವು ಒಮ್ಮೆಲೇ ಅಧಿಕ ಪ್ರಮಾಣದ ಮೆಕ್ಕೆಜೋಳ ತಿಂದರೆ ಅದರ ಮೊದಲನೆಯ ಹೊಟ್ಟೆಯಲ್ಲಿ ಪಿಷ್ಟವು ವೇಗವಾಗಿ ಹುದುಗಿ ಲ್ಯಾಕ್ಟಿಕ್ ಆಮ್ಲ ಉಂಟಾಗುತ್ತದೆ. ಇದರಿಂದ ಹೊಟ್ಟೆಯುಬ್ಬರ, ಭೇದಿ, ಗೊರಸಿನ ಉರಿಯೂತ ತೋರಬಹುದು. ತೀವ್ರವಾದ ಸಂದರ್ಭದಲ್ಲಿ ದನ ಸಾಯಲೂಬಹುದು. ಜಾನುವಾರು ಮತ್ತು ಜಿಂಕೆಗಳ ಕೆಲವು ಗುಳಿಗೆಗಳಲ್ಲಿ ಬೆರೆಸುವ ಮೊನೆನ್ಸಿನ್‌ನಂತಹ ಔಷಧಗಳು ಕುದುರೆಗಳಿಗೆ ಅತ್ಯಲ್ಪ ಪ್ರಮಾಣದಲ್ಲಿಯೂ ಮಾರಕ. ಗಾಸಿಪಾಲ್ ಅಂಶದಿಂದಾಗಿ ಹತ್ತಿಬೀಜವು ಎಳೆಗರುಗಳಿಗೆ ಸುರಕ್ಷಿತವಲ್ಲ.

## ಬೇಲಿಯ ಎತ್ತರ

ಬೆಳೆದ ಬಿಳಿಬಾಲದ ಜಿಂಕೆ 7ರಿಂದ 8 ಅಡಿ (2.1ರಿಂದ 2.4 ಮೀಟರ್) ಎತ್ತರವನ್ನು ಹಾರಬಲ್ಲದು. ಜಿಂಕೆಗಳನ್ನು ತಡೆಯಲು ಕಟ್ಟುವ ಬೇಲಿಗಳು 8 ಅಡಿ ಎತ್ತರ ಇರುವುದು ಇದೇ ಕಾರಣಕ್ಕೆ. ಆದ್ದರಿಂದ 3 ಅಡಿಯ ಬೇಲಿ ಅದಕ್ಕೆ ಅಡ್ಡಿಯೇ ಅಲ್ಲ.

ಟೆಕ್ಸಾಸ್‌ನ ಕೃಷಿ ವಿಸ್ತರಣಾ ತಜ್ಞರು ನಡೆಸಿದ ಕ್ಷೇತ್ರ ಪ್ರಯೋಗಗಳಲ್ಲಿ ಸುಮಾರು 28 ಅಂಗುಲ (71 ಸೆಂಟಿಮೀಟರ್) ಎತ್ತರದ ಬೇಲಿಯೂ ಹಂದಿಗಳನ್ನು ಹೊರಗಿರಿಸಲು ಸಾಕಾಗುತ್ತದೆಂದು ಕಂಡುಬಂದಿತು. ಮಾರುಕಟ್ಟೆಯಲ್ಲಿ ಸುಲಭವಾಗಿ ದೊರೆಯುವ ‘ಹಾಗ್ ಪ್ಯಾನೆಲ್’ ಎಂಬ ಬೆಸುಗೆ ಹಾಕಿದ ಸರಳುಗಳ ಜಾಲರಿ 34 ಅಂಗುಲ (86 ಸೆಂಟಿಮೀಟರ್) ಎತ್ತರ ಮತ್ತು 16 ಅಡಿ (4.9 ಮೀಟರ್) ಉದ್ದ ಇರುತ್ತದೆ. ಹೆಚ್ಚಿನ ಆವರಣಗಳಲ್ಲಿ ಇದನ್ನೇ ಬಳಸಲಾಗುತ್ತದೆ.

ಹಂದಿಗಳನ್ನು ಹಿಡಿಯುವ ಬೋನುಗಳಿಗೆ 5 ಅಡಿ ಎತ್ತರದ ಜಾಲರಿ ಬೇಕಾಗುತ್ತದೆ. ಫೀಡರಿಗೆ ಮಾತ್ರ ಇಷ್ಟು ಗಿಡ್ಡ ಬೇಲಿ ಸಾಕು. ಇದು ಮೇಲ್ನೋಟಕ್ಕೆ ವಿರೋಧಾಭಾಸವೆನಿಸಬಹುದು. ಬೋನಿನೊಳಗೆ ಸಿಕ್ಕಿಬಿದ್ದ ಹಂದಿ ಜೀವಭಯದಿಂದ ಹಾರುತ್ತದೆ, ಒಂದರ ಮೇಲೊಂದು ಹತ್ತುತ್ತದೆ. ಹೊರಗಿರುವ ಹಂದಿಗೆ ಆ ಒತ್ತಡವಿಲ್ಲ. ಅದು ಹಾರುವ ಬದಲು ಕೆಳಗಿನ ಸಂದು ಹುಡುಕುತ್ತದೆ, ಮೂತಿಯಿಂದ ಎತ್ತಿ ನೋಡುತ್ತದೆ, ದಾರಿ ಸಿಗದಿದ್ದರೆ ಬೇರೆಡೆಗೆ ಹೋಗುತ್ತದೆ. ಆದ್ದರಿಂದ ಹಂದಿಗಳ ವಿಷಯದಲ್ಲಿ ಬೇಲಿಯ ಮೇಲಂಚಿಗಿಂತ ಕೆಳಅಂಚು ಮುಖ್ಯ.

ದನಗಳ ವಿಷಯ ಬೇರೆ. 34 ಅಂಗುಲದ ಬೇಲಿಯ ಮೇಲಿಂದ ದನವು ಕತ್ತು ಚಾಚಿ, ಎದೆಯಿಂದ ಒತ್ತಿ ಜಾಲರಿಯನ್ನು ಬಗ್ಗಿಸಬಲ್ಲದು. ದನಗಳು ಮೇಯುವ ಜಾಗದಲ್ಲಿ ಎರಡು ಪರಿಹಾರಗಳಿವೆ. 50 ಅಂಗುಲ (127 ಸೆಂಟಿಮೀಟರ್) ಎತ್ತರದ ‘ಕ್ಯಾಟಲ್ ಪ್ಯಾನೆಲ್’ ಬಳಸುವುದು ಒಂದು. ಇದರ ಕಿಂಡಿಗಳು ದೊಡ್ಡದಾಗಿದ್ದರೆ ಹಂದಿಮರಿಗಳು ನುಸುಳದಂತೆ ಕೆಳಭಾಗಕ್ಕೆ ಸಣ್ಣ ಕಿಂಡಿಯ ಜಾಲರಿಯನ್ನು ಕಟ್ಟಬೇಕಾಗುತ್ತದೆ. ಹಾಗ್ ಪ್ಯಾನೆಲ್ ಮೇಲೆ ಸುಮಾರು 30 ಸೆಂಟಿಮೀಟರ್ ಅಂತರದಲ್ಲಿ ಒಂದು ಕಬ್ಬಿಣದ ಕೊಳವೆಯನ್ನು ಅಡ್ಡವಾಗಿ ಬಿಗಿಯುವುದು ಮತ್ತೊಂದು. ಮೇಲಂಚಿನಲ್ಲಿ ಮುಳ್ಳುತಂತಿಯನ್ನು ಬಳಸುವುದು ಸೂಕ್ತವಲ್ಲ. ಹಾರುವ ಜಿಂಕೆಯ ಹಿಂಗಾಲು ಎರಡು ತಂತಿಗಳ ನಡುವೆ ಸಿಕ್ಕಿ ತಿರುಚಿಕೊಂಡರೆ ಅದು ಅಲ್ಲಿಯೇ ನೇತಾಡಿ ಸಾಯುತ್ತದೆ. ಬೇಲಿ ಎತ್ತರವಾದಷ್ಟೂ ಎಳೆಯ ಮರಿಗಳು ಹೊರಗುಳಿಯುವ ಸಂಭವ ಹೆಚ್ಚುತ್ತದೆ ಎಂಬುದನ್ನೂ ಗಮನಿಸಬೇಕು.

ಆಡುಗಳು ಜಾಲರಿಯ ಕಿಂಡಿಗಳಲ್ಲಿ ಕಾಲಿಟ್ಟು ಹತ್ತಬಲ್ಲವು. ಅವುಗಳನ್ನು ಗಿಡ್ಡ ಬೇಲಿಯಿಂದ ತಡೆಯುವುದು ಕಷ್ಟ. ಆಡು ಮೇಯಿಸುವ ಪಾಲಿನಿಂದ ಫೀಡರನ್ನು ದೂರವಿಡುವುದೇ ಸೂಕ್ತ ಉಪಾಯ.

## ಆಕಾರ ಮತ್ತು ವಿಸ್ತಾರ

ಆವರಣ ಚಿಕ್ಕದಾಗಿದ್ದರೆ ಜಿಂಕೆಗಳು ಒಳಗೆ ಬರಲು ಅಂಜುತ್ತವೆ. ಹಾರಿ ಇಳಿಯಲು, ಗಾಬರಿಯಾದಾಗ ಓಡಿ ಮತ್ತೆ ಹಾರಲು ಅವುಗಳಿಗೆ ಜಾಗ ಬೇಕು. ಬಲಿಷ್ಠ ಗಂಡು ಜಿಂಕೆಗಳು ದುರ್ಬಲವಾದವನ್ನು ಓಡಿಸುವ ಸ್ವಭಾವ ಹೊಂದಿವೆ. ಇಕ್ಕಟ್ಟಾದ ಆವರಣದಲ್ಲಿ ಹೆಣ್ಣು ಜಿಂಕೆಗಳಿಗೂ ಮರಿಗಳಿಗೂ ಆಹಾರ ದಕ್ಕುವುದಿಲ್ಲ. ಎರಚುವ ಫೀಡರ್ ಆಗಿದ್ದರೆ ಕಾಳು ಬೀಳುವ ವೃತ್ತವು ಪೂರ್ತಿಯಾಗಿ ಬೇಲಿಯೊಳಗೇ ಇರಬೇಕು. ಹೊರಗೆ ಬಿದ್ದ ಒಂದು ಹಿಡಿ ಕಾಳೂ ಹಂದಿಗಳನ್ನು ಬೇಲಿಯ ಬುಡಕ್ಕೆ ಕರೆತಂದು ಅಗೆಯುವಂತೆ ಪ್ರೇರೇಪಿಸುತ್ತದೆ.

ಒಂದೇ ಅಳತೆಯ ಬೇಲಿಯಿಂದ ಅತ್ಯಧಿಕ ಜಾಗವನ್ನು ಸುತ್ತುವರಿಯುವ ಆಕಾರ ವೃತ್ತ. ಉದಾಹರಣೆಗೆ, 16 ಅಡಿಯ 8 ಪ್ಯಾನೆಲ್‌ಗಳ ಒಟ್ಟು ಉದ್ದ 128 ಅಡಿ (39 ಮೀಟರ್).

* ಚೌಕವಾಗಿ ಕಟ್ಟಿದರೆ ಪ್ರತಿ ಬದಿ 32 ಅಡಿ. ವಿಸ್ತೀರ್ಣ 1,024 ಚದರ ಅಡಿ (ಸುಮಾರು 95 ಚದರ ಮೀಟರ್).
* ವೃತ್ತವಾಗಿ ಕಟ್ಟಿದರೆ ವ್ಯಾಸ ಸುಮಾರು 40 ಅಡಿ (12.4 ಮೀಟರ್), ವಿಸ್ತೀರ್ಣ ಸುಮಾರು 1,300 ಚದರ ಅಡಿ (121 ಚದರ ಮೀಟರ್).

ಅಂದರೆ ಅದೇ ವೆಚ್ಚದಲ್ಲಿ ಕಾಲುಭಾಗಕ್ಕಿಂತ ಹೆಚ್ಚಿನ ಜಾಗ ದೊರೆಯುತ್ತದೆ. ವೃತ್ತದಲ್ಲಿ ಮೂಲೆಗಳಿಲ್ಲದಿರುವುದರಿಂದ ಗಾಬರಿಗೊಂಡ ಜಿಂಕೆ ಮೂಲೆಗೆ ಸಿಲುಕುವುದಿಲ್ಲ. 6 ಪ್ಯಾನೆಲ್‌ಗಳ ಆವರಣದ ವ್ಯಾಸ ಸುಮಾರು 30 ಅಡಿ, 10 ಪ್ಯಾನೆಲ್‌ಗಳದ್ದು ಸುಮಾರು 50 ಅಡಿ ಆಗುತ್ತದೆ. ಪ್ಯಾನೆಲ್‌ಗಳ ತುದಿಗಳನ್ನು ಒಂದರ ಮೇಲೊಂದು ಹೊಂದಿಸಿ ಕಟ್ಟುವುದರಿಂದ ಈ ಅಳತೆಗಳು ಸ್ವಲ್ಪ ಕಡಿಮೆಯಾಗುತ್ತವೆ.

## ನಿರ್ಮಾಣ

### ಸ್ಥಳದ ಆಯ್ಕೆ

ಸಮತಟ್ಟಾದ, ನೀರು ನಿಲ್ಲದ ನೆಲ ಉತ್ತಮ. ಇಳಿಜಾರಿನಲ್ಲಿ ಕಟ್ಟಿದರೆ ಮೇಲ್ಭಾಗದಿಂದ ಬರುವ ಪ್ರಾಣಿಗೆ ಬೇಲಿಯ ಎತ್ತರ ಕಡಿಮೆಯಾದಂತೆ ಆಗುತ್ತದೆ. ಮಳೆನೀರು ಹರಿದು ಕೆಳಭಾಗದಲ್ಲಿ ಮಣ್ಣು ಕೊಚ್ಚಿಹೋಗುತ್ತದೆ. ಬೇಲಿಯ ಒಳಗೂ ಹೊರಗೂ ಕೆಲವು ಮೀಟರುಗಳಷ್ಟು ಪೊದೆಗಳನ್ನು ಸವರಬೇಕು. ಜಿಂಕೆ ತಾನು ಇಳಿಯುವ ನೆಲವನ್ನು ಕಾಣದೆ ಹಾರುವುದಿಲ್ಲ. ಹಾಗೆಂದು ಪೂರ್ತಿ ಬಯಲಿನ ನಡುವೆಯೂ ಅದು ನಿಶ್ಚಿಂತೆಯಾಗಿ ತಿನ್ನುವುದಿಲ್ಲ. ಸಮೀಪದಲ್ಲಿ ಮರೆ ಇರಬೇಕು. ಆಹಾರ ತುಂಬುವ ವಾಹನಕ್ಕೆ ದಾರಿಯೂ ಅಗತ್ಯ.

### ಸಾಮಗ್ರಿ

8 ಪ್ಯಾನೆಲ್‌ಗಳ ಒಂದು ಆವರಣಕ್ಕೆ ಸಾಮಾನ್ಯವಾಗಿ ಬೇಕಾಗುವ ವಸ್ತುಗಳು:

* 34 ಅಂಗುಲ ಎತ್ತರದ, 16 ಅಡಿ ಉದ್ದದ ಹಾಗ್ ಪ್ಯಾನೆಲ್ – 8
* 5 ಅಡಿ (1.5 ಮೀಟರ್) ಉದ್ದದ ಉಕ್ಕಿನ ಟಿ-ಪೋಸ್ಟ್ ಕಂಬ – 16
* ಪ್ಯಾನೆಲನ್ನು ಕಂಬಕ್ಕೆ ಬಿಗಿಯಲು ಕಲಾಯಿ ಹಾಕಿದ ನುಣುಪು ತಂತಿ ಅಥವಾ ಕ್ಲಿಪ್‌ಗಳು
* ಕಂಬ ಬಡಿಯುವ ಸಾಧನ, ಇಕ್ಕಳ, ಅಳತೆ ಹಗ್ಗ

### ಕಟ್ಟುವ ಕ್ರಮ

1. ಫೀಡರ್ ನಿಲ್ಲುವ ಜಾಗದಲ್ಲಿ ಗೂಟ ನೆಟ್ಟು, ಅದಕ್ಕೆ ವೃತ್ತದ ತ್ರಿಜ್ಯದಷ್ಟು ಉದ್ದದ ಹಗ್ಗವನ್ನು ಕಟ್ಟಿ ನೆಲದ ಮೇಲೆ ವೃತ್ತವನ್ನು ಗುರುತಿಸಲಾಗುತ್ತದೆ.
2. ಗೆರೆಯ ಮೇಲಿನ ಉಬ್ಬುತಗ್ಗುಗಳನ್ನು ಸರಿಪಡಿಸಲಾಗುತ್ತದೆ. ಪ್ಯಾನೆಲ್ ನೆಲಕ್ಕೆ ತಾಗಿ ಕೂರಬೇಕು. ಕೆಳಗೆ ಸಂದು ಉಳಿದರೆ ಹಂದಿ ಅಲ್ಲಿಂದಲೇ ಅಗೆಯಲು ತೊಡಗುತ್ತದೆ.
3. ಸುಮಾರು 8 ಅಡಿಗೊಂದರಂತೆ, ಅಂದರೆ ಪ್ರತಿ ಪ್ಯಾನೆಲಿನ ಜೋಡಣೆಯಲ್ಲಿ ಒಂದು ಮತ್ತು ನಡುವೆ ಒಂದು ಕಂಬವನ್ನು ಬಡಿಯಲಾಗುತ್ತದೆ. ಕಂಬದ ತುದಿ ಪ್ಯಾನೆಲಿಗಿಂತ ಮೇಲೆ ಚಾಚಿಕೊಂಡಿರಬಾರದು. ಹಾರುವ ಜಿಂಕೆಯ ಹೊಟ್ಟೆಗೆ ಅದು ಈಟಿಯಂತೆ ಚುಚ್ಚುವ ಅಪಾಯವಿದೆ. ಕಲ್ಲುನೆಲದಲ್ಲಿ ಕಂಬ ಆಳಕ್ಕೆ ಇಳಿಯದಿದ್ದರೆ ಹೆಚ್ಚುವರಿ ಭಾಗವನ್ನು ಕತ್ತರಿಸಿ ತುದಿಗೆ ಮುಚ್ಚಳ ಹಾಕಲಾಗುತ್ತದೆ.
4. ಪ್ಯಾನೆಲನ್ನು ಕಂಬಗಳ ಹೊರಬದಿಗೆ ಕಟ್ಟಲಾಗುತ್ತದೆ. ಪ್ರಾಣಿಗಳು ಹೊರಗಿನಿಂದ ಒತ್ತುವುದರಿಂದ ಆ ಭಾರವನ್ನು ಕಂಬವೇ ತಡೆಯುತ್ತದೆ. ಒಳಬದಿಗೆ ಕಟ್ಟಿದರೆ ಭಾರವೆಲ್ಲ ತಂತಿಯ ಗಂಟಿನ ಮೇಲೆ ಬಿದ್ದು ಅದು ಕ್ರಮೇಣ ಕಳಚುತ್ತದೆ.
5. ಪ್ಯಾನೆಲಿನ ಸಣ್ಣ ಕಿಂಡಿಗಳಿರುವ ಬದಿ ಕೆಳಗೆ ಬರಬೇಕು. ಹಂದಿಮರಿಗಳು ನುಸುಳದಂತೆ ತಡೆಯಲೆಂದೇ ಅದನ್ನು ಹಾಗೆ ರಚಿಸಲಾಗಿರುತ್ತದೆ.
6. ಪ್ರತಿ ಕಂಬದಲ್ಲಿ ಮೇಲೆ, ನಡುವೆ ಮತ್ತು ಕೆಳಗೆ ತಂತಿಯಿಂದ ಬಿಗಿದು, ತಂತಿಯ ತುದಿಗಳನ್ನು ಒಳಕ್ಕೆ ಮಡಚಲಾಗುತ್ತದೆ.
7. ಒಂದು ಪ್ಯಾನೆಲನ್ನು ಬಿಚ್ಚಿ ತೆರೆಯುವಂತೆ ಕಟ್ಟಿದರೆ ಅದು ಗೇಟಿನಂತೆ ಬಳಕೆಯಾಗುತ್ತದೆ.
8. ಫೀಡರಿನ ಕಾಲುಗಳನ್ನು ನೆಲಕ್ಕೆ ಭದ್ರಪಡಿಸಲಾಗುತ್ತದೆ. ಬೇಲಿಯಾಚೆಯಿಂದ ದನದ ನಾಲಿಗೆಗೆ ಎಟುಕದಷ್ಟು ದೂರದಲ್ಲಿ ಕೊಳವೆಯ ಬಾಯಿ ಇರಬೇಕು.

ಮರಳುಮಣ್ಣಿನಲ್ಲಿ ಹಂದಿಗಳು ಅಗೆಯುವುದು ಸುಲಭ. ಅಲ್ಲಿ ಬೇಲಿಯ ಹೊರಬದಿಯ ನೆಲದ ಮೇಲೆ ಜಾಲರಿಯ ಪಟ್ಟಿಯೊಂದನ್ನು ಹಾಸಿ ಮೊಳೆಗಳಿಂದ ನೆಲಕ್ಕೆ ಬಿಗಿಯಲಾಗುತ್ತದೆ. ಬೇಲಿಯ ಬುಡದಲ್ಲಿ ಅಗೆಯಲು ಬಂದ ಹಂದಿ ಆ ಜಾಲರಿಯ ಮೇಲೆಯೇ ನಿಂತಿರುವುದರಿಂದ ಅದಕ್ಕೆ ಮಣ್ಣು ದೊರೆಯುವುದಿಲ್ಲ.

### ಜಿಂಕೆಗಳನ್ನು ರೂಢಿಸುವುದು

ಹೊಸ ಬೇಲಿಯನ್ನು ಕಂಡ ಜಿಂಕೆಗಳು ಕೆಲಕಾಲ ದೂರ ಉಳಿಯುವುದು ಸಹಜ. ಆದ್ದರಿಂದ ಮೊದಲ ಕೆಲವು ವಾರ ಒಂದೆರಡು ಪ್ಯಾನೆಲ್‌ಗಳನ್ನು ತೆರೆದಿಟ್ಟು, ಅವು ಒಳಗೆ ಬಂದು ಹೋಗುವುದು ರೂಢಿಯಾದ ನಂತರ ಮುಚ್ಚುವ ಕ್ರಮವಿದೆ. ಟೆಕ್ಸಾಸ್‌ನಲ್ಲಿ ಜಿಂಕೆಮರಿಗಳು ಹೆಚ್ಚಾಗಿ ಬೇಸಿಗೆಯ ಆರಂಭದಲ್ಲಿ ಹುಟ್ಟುತ್ತವೆ. ಶರತ್ಕಾಲದ ಹೊತ್ತಿಗೆ ಅವು ಗಿಡ್ಡ ಬೇಲಿಯನ್ನು ತಾಯಿಯೊಂದಿಗೆ ಹಾರುವಷ್ಟು ಬೆಳೆದಿರುತ್ತವೆ.

## ನಿರ್ವಹಣೆ

ಮಳೆಯ ನಂತರ ಬೇಲಿಯ ಬುಡವನ್ನು ಪರಿಶೀಲಿಸಿ, ಕೊರೆದ ಜಾಗಗಳನ್ನು ಕಲ್ಲುಮಣ್ಣಿನಿಂದ ತುಂಬಬೇಕು. ಸಡಿಲವಾದ ತಂತಿಗಳನ್ನು ಬಿಗಿಗೊಳಿಸಬೇಕು. ಹಂದಿ ಒಮ್ಮೆ ಒಳಹೊಕ್ಕು ಆಹಾರದ ರುಚಿ ಕಂಡರೆ ಅದೇ ಜಾಗಕ್ಕೆ ಮತ್ತೆ ಮತ್ತೆ ಬರುವುದರಿಂದ ಸಣ್ಣ ಸಂದನ್ನೂ ಕೂಡಲೇ ಮುಚ್ಚುವುದು ಅಗತ್ಯ. ಚಲನೆಯನ್ನು ಗುರುತಿಸಿ ಚಿತ್ರ ತೆಗೆಯುವ ಕ್ಯಾಮೆರಾಗಳಿಂದ ರಾತ್ರಿಯ ಸಂದರ್ಶಕರು ಯಾರೆಂಬುದು ತಿಳಿಯುತ್ತದೆ.

ನೆನೆದ ಮೆಕ್ಕೆಜೋಳದಲ್ಲಿ ಬೆಳೆಯುವ ಬೂಷ್ಟು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪತ್ತಿ ಮಾಡಬಲ್ಲದು. ಇದು ಯಕೃತ್ತಿಗೆ ಹಾನಿಕರ. ಕಾಳು ತಿನ್ನಲು ಬರುವ ಪಕ್ಷಿಗಳಿಗೂ ಅಪಾಯಕಾರಿ. ಟೆಕ್ಸಾಸ್‌ನಲ್ಲಿ ವನ್ಯಜೀವಿಗಳ ಆಹಾರವೆಂದು ಮಾರುವ ಮೆಕ್ಕೆಜೋಳದಲ್ಲಿ ಇದರ ಪ್ರಮಾಣ ಶತಕೋಟಿಗೆ 20 ಭಾಗಗಳನ್ನು ಮೀರಬಾರದೆಂಬ ಮಿತಿಯಿದೆ. ಒದ್ದೆಯಾದ ಕಾಳನ್ನು ತೆಗೆದುಹಾಕುವುದು ನಿರ್ವಹಣೆಯ ಭಾಗವಾಗಿದೆ.

## ಮಿತಿಗಳು

ಬೇಲಿಯು ಎಲ್ಲ ಪ್ರಾಣಿಗಳನ್ನೂ ತಡೆಯುವುದಿಲ್ಲ. ರಕೂನ್‌ಗಳು ಹತ್ತಿ ಬರುತ್ತವೆ. ಕಾಡು ಟರ್ಕಿ ಕೋಳಿಗಳು ಹಾರಿ ಬರುತ್ತವೆ. ದಕ್ಷಿಣ ಟೆಕ್ಸಾಸ್‌ನಲ್ಲಿ ಹಂದಿಯನ್ನು ಹೋಲುವ, ಆದರೆ ಅಲ್ಲಿನ ಮೂಲ ನಿವಾಸಿಯಾದ ಹಾವೆಲೀನಾ ಎಂಬ ಪ್ರಾಣಿಯೂ ಬೇಲಿಯಿಂದ ಹೊರಗುಳಿಯುತ್ತದೆ. ಬೇಲಿ ಹಂದಿಗಳ ಸಂಖ್ಯೆಯನ್ನು ತಾನಾಗಿ ತಗ್ಗಿಸುವುದೂ ಇಲ್ಲ. ಅದು ಅವುಗಳಿಗೆ ದೊರೆಯುತ್ತಿದ್ದ ಪುಕ್ಕಟೆ ಆಹಾರವನ್ನು ನಿಲ್ಲಿಸುತ್ತದೆ, ಅಷ್ಟೆ.

## ರೋಗ ಮತ್ತು ವಿವಾದ

ಒಂದೇ ಜಾಗದಲ್ಲಿ ಅನೇಕ ಪ್ರಾಣಿಗಳು ತಿನ್ನುವುದರಿಂದ ರೋಗ ಹರಡುವ ಸಾಧ್ಯತೆ ಹೆಚ್ಚುತ್ತದೆ. ಕಾಡುಬಿದ್ದ ಹಂದಿಗಳು ಹಂದಿ ಬ್ರುಸೆಲ್ಲಾ ಮತ್ತು ಸ್ಯೂಡೊರೇಬಿಸ್ ರೋಗಗಳನ್ನು ಹೊತ್ತಿರಬಲ್ಲವು. ಮಿಷಿಗನ್ ರಾಜ್ಯದಲ್ಲಿ 1990ರ ದಶಕದಲ್ಲಿ ಜಿಂಕೆಗಳಲ್ಲಿ ದನಗಳ ಕ್ಷಯರೋಗ ಕಂಡುಬಂದ ನಂತರ ಆ ಭಾಗದಲ್ಲಿ ಜಿಂಕೆಗಳಿಗೆ ಆಹಾರ ಹಾಕುವುದನ್ನು ನಿರ್ಬಂಧಿಸಲಾಯಿತು. ಬೇಲಿಯು ಜಾತಿಜಾತಿಗಳ ನಡುವಿನ ಸಂಪರ್ಕವನ್ನು ತಗ್ಗಿಸುತ್ತದೆ. ಆದರೆ ಜಿಂಕೆ ಜಿಂಕೆಗಳ ನಡುವಿನ ಸಂಪರ್ಕವನ್ನು ತಗ್ಗಿಸಲಾರದು. ಪ್ರಿಯಾನ್‌ಗಳಿಂದ ಉಂಟಾಗುವ, ಚಿಕಿತ್ಸೆಯಿಲ್ಲದ ‘ಕ್ರಾನಿಕ್ ವೇಸ್ಟಿಂಗ್’ ರೋಗವು ಜೊಲ್ಲು ಮತ್ತು ಮಲಮೂತ್ರಗಳ ಮೂಲಕ ಹರಡುತ್ತದೆ. ಟೆಕ್ಸಾಸ್‌ನಲ್ಲಿ ಇದು 2012ರಲ್ಲಿ ಮೊದಲ ಬಾರಿಗೆ ಪತ್ತೆಯಾಯಿತು. ಈ ಕಾರಣದಿಂದ ಅಮೆರಿಕದ ಹಲವು ರಾಜ್ಯಗಳು ಜಿಂಕೆಗಳಿಗೆ ಆಹಾರ ನೀಡುವುದನ್ನು ಪೂರ್ಣವಾಗಿ ಅಥವಾ ಭಾಗಶಃ ನಿಷೇಧಿಸಿವೆ. ಆವರಣ ಕಟ್ಟುವ ಮೊದಲು ಸ್ಥಳೀಯ ಕಾನೂನನ್ನು ತಿಳಿಯುವುದು ಅನಿವಾರ್ಯ.

ಪೂರಕ ಆಹಾರವು ನೈಸರ್ಗಿಕ ಮೇವಿಗೆ ಬದಲಿಯಲ್ಲ ಎಂಬುದು ಮತ್ತೊಂದು ಆಕ್ಷೇಪ. ಭೂಮಿ ತಾಳಲಾರದಷ್ಟು ಜಿಂಕೆಗಳನ್ನು ಕಾಳಿನ ಬಲದಿಂದ ಉಳಿಸಿಕೊಂಡರೆ ಅವು ಸುತ್ತಲಿನ ಎಳೆಚಿಗುರು ಮತ್ತು ಪೊದೆಗಳನ್ನು ಮೇಯ್ದು ಬರಿದು ಮಾಡುತ್ತವೆ ಎಂದು ವನ್ಯಜೀವಿ ತಜ್ಞರು ಎಚ್ಚರಿಸುತ್ತಾರೆ.

ಆವರಣಗಳಿಗೆ ರೋಗನಿಯಂತ್ರಣದಲ್ಲಿಯೂ ಉಪಯೋಗವಿದೆ. ಅಮೆರಿಕದಲ್ಲಿ ದನಗಳ ಉಣ್ಣೆಜ್ವರದ ನಿರ್ಮೂಲನಾ ಕಾರ್ಯಕ್ರಮವು 1906ರಲ್ಲಿ ಆರಂಭವಾಯಿತು. 1943ರ ವೇಳೆಗೆ ಈ ಉಣ್ಣೆಗಳು ಮೆಕ್ಸಿಕೊ ಗಡಿಯ ಕಿರಿದಾದ ಪಟ್ಟಿಯೊಂದನ್ನು ಬಿಟ್ಟು ಉಳಿದೆಡೆ ನಿರ್ಮೂಲವಾದವು. ಆ ಗಡಿಭಾಗದಲ್ಲಿ ಜಿಂಕೆಗಳೂ ಉಣ್ಣೆಗಳನ್ನು ಹೊತ್ತು ತಿರುಗುವುದರಿಂದ ಐವರ್‌ಮೆಕ್ಟಿನ್ ಔಷಧ ಬೆರೆಸಿದ ಮೆಕ್ಕೆಜೋಳವನ್ನು ಅವುಗಳಿಗೆ ನೀಡಲಾಗುತ್ತದೆ. ಔಷಧವು ದನ ಮತ್ತು ಹಂದಿಗಳ ಪಾಲಾಗದಂತೆ ಈ ಫೀಡರುಗಳ ಸುತ್ತ ಬೇಲಿ ಹಾಕಲಾಗುತ್ತದೆ. ಮಾಂಸದಲ್ಲಿ ಔಷಧದ ಅಂಶ ಉಳಿಯದಿರಲೆಂದು ಬೇಟೆಯ ಋತುವಿಗೆ ಸಾಕಷ್ಟು ಮುಂಚೆಯೇ ಇದನ್ನು ನಿಲ್ಲಿಸಲಾಗುತ್ತದೆ.

## ಭಾರತದ ಸಂದರ್ಭ

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಜಿಂಕೆಗಳ ಬೇಟೆಯನ್ನು ನಿಷೇಧಿಸಿರುವುದರಿಂದ ಬೇಟೆಗಾಗಿ ಜಿಂಕೆಗಳಿಗೆ ಆಹಾರ ಒಡ್ಡುವ ಪದ್ಧತಿ ಇಲ್ಲ. ಆದರೆ ಜಾನುವಾರು ಮತ್ತು ಕಾಡುಪ್ರಾಣಿಗಳು ಒಂದೇ ಮೇವನ್ನು ಹಂಚಿಕೊಳ್ಳುವಾಗ ಉಂಟಾಗುವ ಅಪಾಯ ಇಲ್ಲಿಯೂ ಅನುಭವಕ್ಕೆ ಬಂದಿದೆ. 1968ರಲ್ಲಿ ಬಂಡೀಪುರ ಮತ್ತು ಸುತ್ತಲಿನ ಕಾಡುಗಳಲ್ಲಿ ದೊಡ್ಡರೋಗ (ರಿಂಡರ್‌ಪೆಸ್ಟ್) ಹರಡಿ ಕಾಟಿಗಳು ದೊಡ್ಡ ಸಂಖ್ಯೆಯಲ್ಲಿ ಸತ್ತವು. ಈ ರೋಗವು ದನಗಳಿಂದ ಕಾಡುಪ್ರಾಣಿಗಳಿಗೆ ದಾಟಬಲ್ಲದಾಗಿತ್ತು. ಜಗತ್ತಿನಿಂದ ಇದು ನಿರ್ಮೂಲವಾಗಿದೆ ಎಂದು 2011ರಲ್ಲಿ ಘೋಷಿಸಲಾಯಿತು.